ವಿಲಿಯಮ್ಸ್‌ರ 0.406: ಯುಗಾಂತರ ತುಲನೆಯ ಅಳತೆಗೋಲನ್ನು ಕುರಿತು

ಬೇರೆ ಬೇರೆ ಕಾಲದ ಬೇಸ್‌ಬಾಲ್ ಬ್ಯಾಟರುಗಳನ್ನು ಬರಿಯ ಸರಾಸರಿಯಿಂದ ತೂಗಲಾಗದು ಎಂಬುದರಲ್ಲಿ ಈಗ ಭಿನ್ನಮತವಿಲ್ಲ. 1930ರಲ್ಲಿ ಬಿಲ್ ಟೆರ್ರಿ 0.401 ಗಳಿಸಿದಾಗ ನ್ಯಾಷನಲ್ ಲೀಗ್‌ನ ಸರಾಸರಿಯೇ 0.303 ಇತ್ತು. ಪಿಚರುಗಳು ಮೆರೆದ 1968ರಲ್ಲಿ ಕಾರ್ಲ್ ಯಾಸ್ಟ್ರೆಮ್‌ಸ್ಕಿ 0.301ಕ್ಕೇ ಅಮೆರಿಕನ್ ಲೀಗ್‌ನ ಅಗ್ರಸ್ಥಾನ ಪಡೆದರು. ಅಲ್ಲಿನ ಸರಾಸರಿ 0.230. ಲೀಗ್ ಸರಾಸರಿಯಿಂದ ಭಾಗಿಸಿದರೆ ಇಬ್ಬರೂ 1.3ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಸ್ಟೀಫನ್ ಜೇ ಗೌಲ್ಡ್ ಇನ್ನೂ ಮುಂದೆ ಹೋದರು: ಆಟದ ಮಟ್ಟ ಏರಿದಂತೆ ಆಟಗಾರರ ನಡುವಿನ ಅಂತರ ಕುಗ್ಗಿತು, 1941ರ ಟೆಡ್ ವಿಲಿಯಮ್ಸ್ (0.406) ಬಳಿಕ 0.400 ಕಾಣಿಸದಿರುವುದು ಅವನತಿಯಲ್ಲ, ಏಳಿಗೆಯ ಗುರುತು.

ಗೌಲ್ಡ್ ಕಂಡ ಕುಗ್ಗುವಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಎಂಬ ಲೆಕ್ಕವನ್ನು ಯುಗಗಳ ನಡುವಿನ ವಿನಿಮಯ ದರದಂತೆ ಬಳಸುವುದು ಒಪ್ಪತಕ್ಕದ್ದಲ್ಲ. ಈ ದರ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಇತ್ತೀಚಿನ ಒಂದು ಬದಲಾವಣೆ ತೋರಿಸುತ್ತದೆ: 2024ರ ಮೇ ತಿಂಗಳಲ್ಲಿ ಕರಿಯ ಆಟಗಾರರ 1920–48ರ ನೀಗ್ರೋ ಲೀಗ್‌ಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಜಾಶ್ ಗಿಬ್ಸನ್‌ರ ವೃತ್ತಿಜೀವನದ 0.372, ಟೈ ಕಾಬ್‌ರ 0.367ನ್ನು ಹಿಂದಿಕ್ಕಿತು. 1943ರ ಗಿಬ್ಸನ್ 0.466 ದಾಖಲಿಸಿದ್ದರಿಂದ 'ವಿಲಿಯಮ್ಸರೇ ಕೊನೆಯವರು' ಎಂಬ ಮಾತೂ ಬಿದ್ದುಹೋಯಿತು.

ಆ ಋತುಗಳು ಚಿಕ್ಕವು ಎಂಬ ಆಕ್ಷೇಪ ನ್ಯಾಯವೇ. ನಿಜವಾದ ಸಾಮರ್ಥ್ಯ 0.300 ಇರುವ ಬ್ಯಾಟರನ ಸರಾಸರಿ, ಅದೃಷ್ಟವೊಂದರಿಂದಲೇ, 500 ಅವಕಾಶಗಳಲ್ಲಿ ಸುಮಾರು 0.020ರಷ್ಟು ಓಲಾಡುತ್ತದೆ, 200ರಲ್ಲಿ 0.032ರಷ್ಟು. ಇದನ್ನು ಕಳೆಯದೆ ಗಿಬ್ಸನ್‌ರನ್ನು ವಿಲಿಯಮ್ಸ್ ಪಕ್ಕ ನಿಲ್ಲಿಸಲಾಗದು. ಆದರೆ ಕಳೆದ ಮೇಲೂ ತೊಡಕು ಉಳಿಯುತ್ತದೆ, ಅದೂ ವಿಲಿಯಮ್ಸರ ಕಡೆಯಲ್ಲಿ. 1941ರ ಅಮೆರಿಕನ್ ಲೀಗ್ ಕರಿಯರನ್ನು ಹೊರಗಿಟ್ಟ ಲೀಗ್. ಸ್ಯಾಚೆಲ್ ಪೇಜ್‌ರಂಥ ಪಿಚರುಗಳಿಲ್ಲದ್ದರಿಂದ ಅಂಕಿ ಉಬ್ಬಿರಬಹುದು. ಅದೇ ಹೊರಗಿಡುವಿಕೆ ಕೆಳದರ್ಜೆಯ ಬ್ಯಾಟರುಗಳಿಗೂ ಜಾಗ ಕೊಟ್ಟು ವಿಚಲನೆಯನ್ನು ಹಿಗ್ಗಿಸಿರಬಹುದು. ಮೊದಲನೆಯದು ವಿಲಿಯಮ್ಸರನ್ನು ಎತ್ತುತ್ತದೆ, ಎರಡನೆಯದು ಇಳಿಸುತ್ತದೆ.

ಹಾಗಾಗಿ, 39 ತುಂಬಿದ ವರ್ಷದಲ್ಲಿ, ವರ್ಣಭೇದದ ಬೇಲಿ ಭಾಗಶಃ ಮುರಿದಿದ್ದ 1957ರ ಲೀಗ್‌ನಲ್ಲಿ ವಿಲಿಯಮ್ಸ್ ಗಳಿಸಿದ 0.388, ಅವರ 0.406ಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದು ನನಗೆ ತೋರುತ್ತದೆ. 'ಭಾಗಶಃ' ಎಂದದ್ದು ಬೇಕೆಂದೇ: ಅವರದೇ ತಂಡ ರೆಡ್ ಸಾಕ್ಸ್‌ಗೆ ಮೊದಲ ಕರಿಯ ಆಟಗಾರ ಬಂದದ್ದು 1959ರಲ್ಲಿ. 'ಗಟ್ಟಿ' ಎಂದರೆ ಹೆಚ್ಚು ಶ್ರೇಷ್ಠ ಆಟ ಎಂದಲ್ಲ, ಹೋಲಿಕೆಗೆ ಹೆಚ್ಚು ಯೋಗ್ಯ ಎಂದಷ್ಟೇ.

ಬಿಳಿಯರ ಮತ್ತು ನೀಗ್ರೋ ಲೀಗ್‌ಗಳ ಆಟಗಾರರು ಎದುರಾದ ಪ್ರದರ್ಶನ ಪಂದ್ಯಗಳು ನೇರ ಪುರಾವೆ ಒದಗಿಸಬಹುದು. ಆದರೆ ಋತು ಮುಗಿದ ಮೇಲೆ ಗಲ್ಲಾಪೆಟ್ಟಿಗೆಗಾಗಿ ಆಡಿದ ಆ ಪಂದ್ಯಗಳು ಇಷ್ಟು ಭಾರ ಹೊರುತ್ತವೆಯೇ ಎಂಬುದು ಇನ್ನೂ ತೀರ್ಮಾನವಾಗಬೇಕು.