ಹೊರುವ ಬಲ, ಎತ್ತುವ ಬಲ: ಮಹಿಳೆಯರ ಭಾರ ತಾಲೀಮು ಕುರಿತು ಒಂದು ವಿವೇಚನೆ

ಪುಣೆ–ಮುಂಬಯಿ ಹಳೆಯ ಹೆದ್ದಾರಿಯ ಮೇಲಿನ ದಂಡುಪ್ರದೇಶ ದೇಹೂ ರೋಡ್. ಅದರ ಆಸುಪಾಸಿನ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬರುವ ಕುಟುಂಬಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುವುದು ಬಹುತೇಕ ಹೆಂಗಸರ ಪಾಲು. ತಲೆಯ ಮೇಲೆ ಸಿಂಬಿ. ತುಂಬಿದ ಬುಟ್ಟಿಯನ್ನು ಇನ್ನೊಬ್ಬರು ಕೈಹಚ್ಚಿ ತಲೆಗೇರಿಸುತ್ತಾರೆ. ಅಲ್ಲಿಂದ ಮುಂದೆ ಮೆಟ್ಟಿಲು ಅವಳೊಬ್ಬಳದೇ. ಅಂದರೆ ಈ ದುಡಿಮೆಯಲ್ಲಿ ಹೊರುವುದು ಧಾರಾಳ, ನೆಲದಿಂದ ಒಬ್ಬಳೇ ಎತ್ತುವುದು ಕಡಿಮೆ. ಹೆಣ್ಣು–ಗಂಡಿನ ಬಲದ ಅಂತರ ಕುರಿತ ಚರ್ಚೆ ಬಹುಮಟ್ಟಿಗೆ ಎಡವುವುದು ಇವೆರಡನ್ನೂ ಒಂದೇ ಎಂದು ಎಣಿಸುವಲ್ಲಿ.

ಚಿಕ್ಕಂದಿನಿಂದ ಕೊಡ, ಸೌದೆ, ಬುಟ್ಟಿ ಹೊತ್ತವಳಿಗೆ ತಾಲೀಮಿನ ಕೊರತೆ ಎಲ್ಲಿಯದು, ಆಮೇಲೂ ಉಳಿಯುವ ಅಂತರ ಪ್ರಕೃತಿಯದೇ ಅಲ್ಲವೇ ಎಂಬ ವಾದವುಂಟು. ಕೇಳಲು ಸರಿಯೆನಿಸುತ್ತದೆ, ಆದರೆ ನಿಲ್ಲುವುದಿಲ್ಲ. ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಹೆಂಗಸರು ಮೈತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರುತ್ತಾರೆಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ರೂಢಿಯ ಹೊರೆ ಕಲಿಸುವುದು ಮಿತವ್ಯಯವನ್ನು. ಸ್ನಾಯು ಬಲಿಯಬೇಕಾದರೆ ಹೊರೆಯೇ ಹಂತಹಂತವಾಗಿ ಏರಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗನಿಗೆ ಹಗುರ ಕಲ್ಲಾದ ಮೇಲೆ ಭಾರದ ಕಲ್ಲು ಕಾದಿರುತ್ತದೆ. ಬುಟ್ಟಿ ಮಾತ್ರ ಹತ್ತು ವರ್ಷವಾದರೂ ಅದೇ ಬುಟ್ಟಿ. ಹೊರೆ ಏರಿಸಿದಾಗ ಏನಾಗುತ್ತದೆಂಬುದಕ್ಕೆ ಬಾಲ್ಯದಲ್ಲಿ ಸೌದೆ ಹೊತ್ತ ಮಣಿಪುರದ ಭಾರ ಎತ್ತುಗಾರ್ತಿ ಮೀರಾಬಾಯಿ ಚಾನು ಅವರ ಅಂಕಿಗಳೇ ಸಾಕ್ಷಿ: ಸ್ನ್ಯಾಚ್ ಹಾಗೂ ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಯ ಎತ್ತುವಿಕೆ ಸೇರಿ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 170 ಕಿಲೊ, 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 194, 2021ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 205. ತೂಕದ ವರ್ಗ ಬದಲಾದದ್ದು 48ರಿಂದ 49ಕ್ಕೆ, ಅಷ್ಟೇ. ಮೊದಲ ಮೂರು ವರ್ಷದಲ್ಲಿ 24 ಕಿಲೊ, ಮುಂದಿನ ನಾಲ್ಕರಲ್ಲಿ 11: ಏರಿಕೆ ಬರಬರುತ್ತ ನಿಧಾನವಾಗುವುದು ಗಂಡಸರ ತಾಲೀಮಿನಲ್ಲೂ ಇದ್ದದ್ದೇ.

ಹಾಗೆಂದು ಅಂತರವೇ ಇಲ್ಲವೆನ್ನುವುದು ಹುಸಿ. 468 ಮಂದಿಯನ್ನು ಎಂಆರ್‌ಐ ಮೂಲಕ ಅಳೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರ ಸರಾಸರಿ ಸ್ನಾಯುರಾಶಿ 33 ಕಿಲೊ, ಹೆಂಗಸರದು 21. ಕೊರತೆ ಕಾಲಿಗಿಂತ ತೋಳು–ಎದೆಯ ಭಾಗದಲ್ಲಿ ಹೆಚ್ಚು. 1993ರ ಮಿಲ್ಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೆಂಗಸರ ಬಲ ಮೈಯ ಮೇಲ್ಭಾಗದಲ್ಲಿ ಗಂಡಸರ ಶೇ. 52ರಷ್ಟು, ಕೆಳಭಾಗದಲ್ಲಿ ಶೇ. 66ರಷ್ಟು ಇತ್ತು, ಅಳೆದದ್ದು ಎಂಟೆಂಟು ಜನರನ್ನು ಮಾತ್ರ ಎಂಬುದನ್ನು ಮರೆಯಬಾರದು. ಇದರ ಪಕ್ಕದಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್ ಇಡೋಣ. ಮಹಿಳೆಯರ 59 ಕಿಲೊ ವರ್ಗದಲ್ಲಿ ಚೀನಾದ ಲುವೊ ಶಿಫಾಂಗ್ ಎತ್ತಿದ್ದು 241, ಗಂಡಸರ 61ರ ವರ್ಗದಲ್ಲಿ ಅದೇ ದೇಶದ ಲಿ ಫಾಬಿನ್ 310. ಅನುಪಾತ ಶೇ. 78ರ ಹತ್ತಿರ. ಆಯ್ದು ತೆಗೆದ ಪ್ರತಿಭೆಗಳನ್ನು ಜನಸಾಮಾನ್ಯರ ಪಕ್ಕ ನಿಲ್ಲಿಸುವುದು ತರವೇ? ಆಕ್ಷೇಪ ನ್ಯಾಯವಾದದ್ದೇ, ಆದರೆ ಇಲ್ಲಿ ಗಂಡಸೂ ಅಷ್ಟೇ ಆಯ್ದವನು. ಮೈತೂಕ ಮತ್ತು ತಾಲೀಮು ಎರಡನ್ನೂ ಸರಿತೂಗಿಸಿದಾಗ ಅಂತರದ ದೊಡ್ಡ ಪಾಲು ಕರಗುತ್ತದೆ, ಒಂದು ಪಾಲು ಉಳಿಯುತ್ತದೆ. ಆ ಉಳಿದ ಪಾಲನ್ನೂ ಪೂರ್ತಿ ಪ್ರಕೃತಿಗೆ ಹಚ್ಚುವ ಮುನ್ನ ಒಂದು ಮಾತು ನೆನಪಿಡಬೇಕು: ಭಾರ ಎತ್ತುವ ಕ್ರೀಡೆಯಲ್ಲಿ ಮಹಿಳೆಯರಿಗೆ ವಿಶ್ವ ಚಾಂಪಿಯನ್‌ಷಿಪ್ ಸಿಕ್ಕಿದ್ದೇ 1987ರಲ್ಲಿ, ಒಲಿಂಪಿಕ್ ವೇದಿಕೆ 2000ದಲ್ಲಿ. ಭಾರತದ ಕರ್ಣಂ ಮಲ್ಲೇಶ್ವರಿ 240 ಕಿಲೊ ಎತ್ತಿ ಕಂಚು ಗೆದ್ದದ್ದು ಆ ಮೊದಲ ಸಲವೇ.

ಮತ್ತೆ ಬುಟ್ಟಿಯ ಮಾತಿಗೆ ಬರೋಣ. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳು ವಯಸ್ಕ ಗಂಡಸಿನ ಹೊರೆಗೆ 55 ಕಿಲೊ, ಹೆಂಗಸಿನ ಹೊರೆಗೆ 30 ಕಿಲೊ ಮಿತಿ ಹಾಕಿದವು. ಅನುಪಾತ ಶೇ. 55ರ ಆಜುಬಾಜು: ಒಲಿಂಪಿಕ್ ವೇದಿಕೆಯ ಅಂಕಿಗಿಂತ ಮಿಲ್ಲರ್ ಅವರ ಮೈಯ ಮೇಲ್ಭಾಗದ ಅಂಕಿಗೆ ಹತ್ತಿರ. ದಿನವಿಡೀ ಹೊರುವ ಹೊರೆ ಬೇರೆ, ಒಮ್ಮೆ ಎತ್ತುವ ಭಾರ ಬೇರೆ. ಸೊಂಟ ಉಳಿಸುವ ಮಿತಿ ಬೇಕೇ ಬೇಕು, ಅದನ್ನು ಸಡಿಲಿಸಿ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸುರಕ್ಷತೆಗೆಂದು ಹಾಕಿದ ಗೆರೆಯನ್ನು ಸಾಮರ್ಥ್ಯದ ಅಳತೆಯೆಂದು ಓದಿ, ಅದರ ಮೇಲೆ ಕೂಲಿಯ ಹೆಚ್ಚುಕಮ್ಮಿಯನ್ನು ಸಮರ್ಥಿಸಲಾಗದು. ಐವತ್ತು ಕಿಲೊ ತೂಗುವ ಸಣಕಲು ಗಂಡಸಿಗೂ ಎಂಬತ್ತು ಕಿಲೊದವನಿಗೂ ಆ ನಿಯಮ ಒಂದೇ 55 ಎಂದಿತು. ಇನ್ನು ಕಟ್ಟಡದ ಬುಡದಲ್ಲಿ ಕಿಲೊ ಲೆಕ್ಕ ನಡೆಯುವುದೇ ಅಪರೂಪ. ಬುಟ್ಟಿಗೆ ಎಷ್ಟು ಸಲಿಕೆ ಬೀಳಬೇಕೆಂಬುದು ತುಂಬುವವನ ಕೈಯಲ್ಲಿರುತ್ತದೆ.