ಪ್ರೊಪೆಲ್ಲರಿನ ಸದ್ದು ಮತ್ತು ನಡುಕ: ಉಗಿಹಡಗಿನಿಂದ ಔಟ್‌ಬೋರ್ಡ್‌ವರೆಗೆ

ಪ್ರೊಪೆಲ್ಲರ್ ಹಡಗಿಗೆ ಬಂದದ್ದು 1830ರ ದಶಕದಲ್ಲಿ. ಅದರ ಸದ್ದು, ನಡುಕದ ಬಗೆಗಿನ ದೂರುಗಳೂ ಹೆಚ್ಚುಕಡಿಮೆ ಆಗಲೇ ಶುರುವಾದವು. ಅದಕ್ಕೆ ಮೊದಲು ಉಗಿಹಡಗುಗಳನ್ನು ನಡೆಸುತ್ತಿದ್ದುದು ಇಕ್ಕೆಲಗಳಲ್ಲಿ ಕೂರಿಸಿದ ದೊಡ್ಡ ಪ್ಯಾಡಲ್ ಚಕ್ರಗಳು. ಅವು ಕಣ್ಣೆದುರೇ ತಿರುಗುತ್ತಿದ್ದವು. ಒಂದು ಹಲಗೆ ಮುರಿದರೂ ಕಾಣುತ್ತಿತ್ತು. ಪ್ರೊಪೆಲ್ಲರ್ ಹಾಗಲ್ಲ. ಅದು ನೀರಿನಡಿ, ಹಡಗಿನ ಹಿಂಭಾಗದಲ್ಲಿ, ಯಾರ ಕಣ್ಣಿಗೂ ಬೀಳದೆ ತಿರುಗುತ್ತದೆ. ಅಲ್ಲಿ ಏನಾಗುತ್ತಿದೆ ಎಂಬುದನ್ನು ಮೇಲಿದ್ದವರಿಗೆ ತಿಳಿಸುತ್ತಿದ್ದುದು ಕಿವಿಗೆ ಬೀಳುವ ಸದ್ದು ಮತ್ತು ಕಾಲಡಿಯ ಅದುರು, ಇವೆರಡೇ. ಪ್ರೊಪೆಲ್ಲರ್ ಮುಂದೆ ಕಂಡ ದೊಡ್ಡ ಸುಧಾರಣೆಗಳಲ್ಲಿ ಹಲವು, ಈ ಸುಳಿವುಗಳ ಜಾಡು ಹಿಡಿದು ಹೋದವರಿಂದ ಬಂದವು.

1836ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರೈತ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ತಿರುಪಿನಾಕಾರದ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದ. ಅದೇ ಜುಲೈಯಲ್ಲಿ ಸ್ವೀಡನ್ನಿನ ಎಂಜಿನಿಯರ್ ಜಾನ್ ಎರಿಕ್ಸನ್ ತನ್ನ ಬೇರೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಸ್ಮಿತ್‌ನದು ಎರಡು ಪೂರ್ತಿ ಸುತ್ತುಗಳಿದ್ದ ಮರದ ತಿರುಪು. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಓಡಿಸಿ ನೋಡುತ್ತಿದ್ದಾಗ ಅದು ನೀರಿನಲ್ಲಿ ಏನಕ್ಕೋ ಬಡಿದು ಅರ್ಧಕ್ಕೆ ಮುರಿಯಿತು. ದೋಣಿ ಮೊದಲಿಗಿಂತ ಜೋರಾಗಿ ಓಡತೊಡಗಿತು! ತಿರುಪು ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಪ್ರೊಪೆಲ್ಲರ್ ಕುಳ್ಳಗಾಗುತ್ತ ಬಂದು, ಕೊನೆಗೆ ಇಂದಿನ ಬಿಡಿ ರೆಕ್ಕೆಗಳ ರೂಪಕ್ಕೆ ಇಳಿಯಿತು.

1838ರಲ್ಲಿ ನೀರಿಗಿಳಿದ ‘ಆರ್ಕಿಮಿಡೀಸ್’ ಹಡಗು ಸ್ಮಿತ್‌ನ ಪ್ರೊಪೆಲ್ಲರನ್ನು ಸಮುದ್ರಕ್ಕೆ ಒಯ್ದಿತು. ಆ ಕಾಲದ ಉಗಿ ಎಂಜಿನ್ ನಿಧಾನಿ. ಪ್ರೊಪೆಲ್ಲರಿಗೆ ಬೇಕಿದ್ದುದು ಅದರ ಐದು ಪಟ್ಟು ವೇಗ. ನಡುವೆ ಹಲ್ಲುಚಕ್ರಗಳನ್ನು ಕೂರಿಸಿದ್ದರು. ನೇರ ಹಲ್ಲಿನ ಆ ಚಕ್ರಗಳ ಗಡಗಡ ಸದ್ದು ಮತ್ತು ಅದುರಾಟ ಹಡಗಿನ ತುಂಬ ಹರಡಿ, ಪ್ರಯಾಣಿಕರ ಹಡಗಿಗೆ ಇದು ಸಲ್ಲದು ಎಂಬ ಮಾತಿಗೆ ಎಡೆಮಾಡಿಕೊಟ್ಟಿತು. ಸದ್ದು ಪ್ರೊಪೆಲ್ಲರಿನದ್ದಲ್ಲ, ಗೇರಿನದ್ದು. ಬೈಗುಳ ಬಿದ್ದದ್ದು ಪ್ರೊಪೆಲ್ಲರಿಗೆ. ಓರೆ ಹಲ್ಲಿನ ಗೇರು ಇದಕ್ಕೆ ಪರಿಹಾರ ಎಂದು ಸ್ಮಿತ್ ಕಂಡುಕೊಂಡ. ಗೇರಿನ ತಪ್ಪನ್ನು ಪ್ರೊಪೆಲ್ಲರಿನ ಮೇಲೆ ಹೊರಿಸುವ ಅಭ್ಯಾಸ ಮಾತ್ರ ಇಂದಿಗೂ ಹೋಗಿಲ್ಲ.

ಇನ್ನೊಂದು ತೊಡಕು ಹಡಗಿನ ಹಿಂಭಾಗವನ್ನು ಕೊರೆದು ಶಾಫ್ಟ್ ಹೊರಬರುವ ಜಾಗದಲ್ಲಿತ್ತು. ಅಲ್ಲಿದ್ದ ಹಿತ್ತಾಳೆಯ ಬೇರಿಂಗುಗಳು ಬೇಗನೆ ಸವೆಯುತ್ತಿದ್ದವು. ಸವೆದ ಮೇಲೆ ಶಾಫ್ಟ್ ಸಡಿಲವಾಗಿ ಬಡಿದಾಡುತ್ತಿತ್ತು, ನೀರು ಒಳನುಗ್ಗುತ್ತಿತ್ತು. 1854ರಲ್ಲಿ ಜಾನ್ ಪೆನ್ ಎಂಬ ಎಂಜಿನಿಯರ್ ಲೋಹವನ್ನು ಬಿಟ್ಟು ಲಿಗ್ನಮ್ ವೀಟೆ ಎಂಬ ಮರದ ಪಟ್ಟಿಗಳನ್ನು ಬೇರಿಂಗಿಗೆ ಹಾಕಿದ. ನೀರಿನಲ್ಲಿ ಮುಳುಗುವಷ್ಟು ಭಾರದ, ಒಳಗೇ ಅಂಟೆಣ್ಣೆ ಇರುವ ಮರ ಅದು. ಪಟ್ಟಿಗಳ ನಡುವಿನ ಸಂದಿನಲ್ಲಿ ಹರಿಯುವ ಸಮುದ್ರದ ನೀರೇ ಎಣ್ಣೆಯ ಕೆಲಸ ಮಾಡುತ್ತಿತ್ತು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಡಗುಗಳ ಶಾಫ್ಟ್ ಈ ಮರದ ಮೇಲೆ ತಿರುಗಿತು.

ಎಂಜಿನ್ನಿನ ವೇಗ ಹೆಚ್ಚಿದಾಗ ಯಾರೂ ಎಣಿಸದ ಕಾಯಿಲೆಯೊಂದು ಕಾಣಿಸಿಕೊಂಡಿತು. 1893ರಲ್ಲಿ ನೀರಿಗಿಳಿದ ಬ್ರಿಟಿಷ್ ನೌಕಾಪಡೆಯ ‘ಡೇರಿಂಗ್’ 27 ನಾಟ್ ವೇಗಕ್ಕೆ ಕಟ್ಟಿದ ಹಡಗು. ಪರೀಕ್ಷೆಯಲ್ಲಿ ಎಂಜಿನ್ ಜೋರಾಗಿ ತಿರುಗಿದರೂ ಹಡಗು ಆ ವೇಗ ಮುಟ್ಟಲಿಲ್ಲ. ಅದನ್ನು ಕಟ್ಟಿದ ಥಾರ್ನಿಕ್ರಾಫ್ಟ್ ಮತ್ತು ಅವನ ಸಹಾಯಕ ಸಿಡ್ನಿ ಬಾರ್ನಬಿ ಕಾರಣ ಹುಡುಕಿದರು. ರೆಕ್ಕೆ ಅತಿ ವೇಗವಾಗಿ ತಿರುಗಿದಾಗ ಅದರ ಒಂದು ಮೈಯಲ್ಲಿ ಒತ್ತಡ ತೀರಾ ಇಳಿದು, ತಣ್ಣನೆಯ ನೀರೇ ಆವಿಯಾಗಿ ಪೊಳ್ಳುಗಳು ಏಳುತ್ತಿದ್ದವು. ರೆಕ್ಕೆಗೆ ನೂಕಲು ನೀರೇ ಸಿಗುತ್ತಿರಲಿಲ್ಲ. ರೆಕ್ಕೆಗಳ ಹರವನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ಮಾಡಿದಾಗ ಹಡಗು ತನ್ನ ವೇಗಕ್ಕೆ ಬಂತು. ಈ ವಿದ್ಯಮಾನಕ್ಕೆ ಕ್ಯಾವಿಟೇಶನ್ ಎಂದು ಹೆಸರು ಸೂಚಿಸಿದವನು ಹಡಗು ವಿನ್ಯಾಸಕ ಆರ್. ಇ. ಫ್ರೂಡ್.

ಇದೇ ಗೋಡೆಗೆ ಚಾರ್ಲ್ಸ್ ಪಾರ್ಸನ್ಸ್ ಇನ್ನೂ ಜೋರಾಗಿ ಬಡಿದ. ಉಗಿ ಟರ್ಬೈನ್ ಕಂಡುಹಿಡಿದ ಆತ 1894ರಲ್ಲಿ ಸುಮಾರು 30 ಮೀಟರ್ ಉದ್ದದ ‘ಟರ್ಬಿನಿಯಾ’ ದೋಣಿಯಲ್ಲಿ ಅದನ್ನು ಕೂರಿಸಿದ. ಟರ್ಬೈನ್ ಮಿಂಚಿನಂತೆ ತಿರುಗಿತು. ದೋಣಿ 20 ನಾಟ್ ಕೂಡ ದಾಟಲಿಲ್ಲ. ಪ್ರೊಪೆಲ್ಲರುಗಳನ್ನು ಒಂದಾದ ಮೇಲೊಂದು ಬದಲಿಸಿದರೂ ಪ್ರಯೋಜನವಾಗಲಿಲ್ಲ. ಆಗ ಪಾರ್ಸನ್ಸ್ ಮಾಡಿದ ಕೆಲಸ ಪ್ರೊಪೆಲ್ಲರಿನ ಚರಿತ್ರೆಯಲ್ಲೇ ಬಹುಶಃ ಅತ್ಯಂತ ಜಾಣತನದ್ದು. 1895ರಲ್ಲಿ ಆತ ತಾಮ್ರದ ಸಣ್ಣದೊಂದು ತೊಟ್ಟಿ ಮಾಡಿಸಿ, ಅದರೊಳಗೆ ಎರಡು ಅಂಗುಲ ಅಗಲದ ಪುಟ್ಟ ಪ್ರೊಪೆಲ್ಲರನ್ನು ತಿರುಗಿಸಿದ. ಪಕ್ಕದಲ್ಲಿ ಗಾಜಿನ ಕಿಟಕಿ. ತೊಟ್ಟಿಯೊಳಗಿನ ಗಾಳಿಯ ಒತ್ತಡವನ್ನು ಪಂಪಿನಿಂದ ಇಳಿಸಿದ್ದರಿಂದ ಕಡಿಮೆ ವೇಗದಲ್ಲೇ ಪೊಳ್ಳುಗಳು ಹುಟ್ಟಿದವು. ತಿರುಗುವ ಕನ್ನಡಿಯೊಂದು ಪ್ರತಿ ಸುತ್ತಿನಲ್ಲೂ ರೆಕ್ಕೆ ಅದೇ ಜಾಗಕ್ಕೆ ಬಂದಾಗ ಮಾತ್ರ ಬೆಳಕು ಹಾಯಿಸುತ್ತಿದ್ದುದರಿಂದ, ಓಡುತ್ತಿರುವ ರೆಕ್ಕೆ ನಿಂತಂತೆ ಕಂಡಿತು. ಅದರ ಮೇಲಿನ ಪೊಳ್ಳುಗಳೂ ಕಂಡವು. ಅದುವರೆಗೆ ಊಹೆಯಾಗಿದ್ದುದು ಕಿಟಕಿಯಾಚೆ ಕಣ್ಣಿಗೆ ಬಿತ್ತು. ಟರ್ಬಿನಿಯಾದ ಒಂದು ಶಾಫ್ಟನ್ನು ತೆಗೆದು ಮೂರು ಶಾಫ್ಟ್, ಒಂದೊಂದಕ್ಕೂ ಮೂರು ಪ್ರೊಪೆಲ್ಲರ್ ಹಾಕಲಾಯಿತು. 1897ರ ಜೂನ್ 26ರಂದು ಸ್ಪಿಟ್‌ಹೆಡ್‌ನಲ್ಲಿ ವಿಕ್ಟೋರಿಯಾ ರಾಣಿಯ ನೌಕಾ ಸಮೀಕ್ಷೆ ನಡೆಯುತ್ತಿದ್ದಾಗ ಆ ದೋಣಿ ಯುದ್ಧನೌಕೆಗಳ ಸಾಲುಗಳ ನಡುವೆ ನುಗ್ಗಿ ಓಡಿತು. ಹಿಡಿಯಲು ಬಂದ ಕಾವಲು ದೋಣಿಗಳಿಗೆ ಅದು ಸಿಗಲಿಲ್ಲ. ಅದರ ವೇಗ 34 ನಾಟ್ ಮುಟ್ಟುವಂಥದ್ದು.

ಪೊಳ್ಳುಗಳು ವೇಗ ಕದಿಯುತ್ತವೆ, ಸರಿ. ಅವು ಸದ್ದನ್ನೂ ಮಾಡುತ್ತವೆ, ಕಂಚಿನ ರೆಕ್ಕೆಯನ್ನು ಹುಳು ತಿಂದಂತೆ ಕೊರೆದೂ ಹಾಕುತ್ತವೆ, ಹೇಗೆ? ಇದಕ್ಕೆ ಲೆಕ್ಕದ ಉತ್ತರ ಕೊಟ್ಟವನು ಭೌತವಿಜ್ಞಾನಿ ಲಾರ್ಡ್ ರೇಲಿ. ಅವನ 1917ರ ಪ್ರಬಂಧ ಆರಂಭವಾಗುವುದು ಕೆಟಲ್‌ನಲ್ಲಿ ನೀರು ಕುದಿಬರುವ ಮುನ್ನ ಕೇಳುವ ಸದ್ದಿನಿಂದ: ತಳದಲ್ಲಿ ಎದ್ದ ಆವಿಯ ಗುಳ್ಳೆ ಮೇಲಿನ ತಣ್ಣೀರಿಗೆ ಬಂದು ಕುಸಿಯುವಾಗ ಆ ಸದ್ದು ಬರುತ್ತದೆ. ಪ್ರೊಪೆಲ್ಲರಿನ ರೆಕ್ಕೆಯ ಮೇಲೂ ಇದೇ ನಡೆಯುತ್ತದೆ. ಕಡಿಮೆ ಒತ್ತಡದಲ್ಲಿ ಹುಟ್ಟಿದ ಗುಳ್ಳೆ ಹೆಚ್ಚಿನ ಒತ್ತಡದ ಜಾಗಕ್ಕೆ ಸರಿದ ಕೂಡಲೇ ಸುತ್ತಲಿನ ನೀರು ಅದರೊಳಕ್ಕೆ ಕುಸಿದು, ಕೊನೆಯ ಕ್ಷಣದಲ್ಲಿ ಒತ್ತಡ ವಾಯುಭಾರದ ಸಾವಿರಾರು ಪಟ್ಟು ಏರಬಲ್ಲದು. ಜಲ್ಲಿಕಲ್ಲು ಬಡಿದಂಥ ಚಟಚಟ ಸದ್ದಿಗೂ ರೆಕ್ಕೆಯ ಮೇಲಿನ ಕುಳಿಗಳಿಗೂ ಮೂಲ ಈ ಕುಸಿತವೇ.

ದೊಡ್ಡ ಹಡಗುಗಳಲ್ಲಿ ಕಾಟ ಕೊಟ್ಟದ್ದು ಬೇರೊಂದು ಬಗೆಯ ನಡುಕ. 1907ರಲ್ಲಿ ‘ಲ್ಯೂಸಿಟಾನಿಯಾ’ದ ಪರೀಕ್ಷೆ ನಡೆದಾಗ ವೇಗ ಹೆಚ್ಚಿದಂತೆ ಹಿಂಭಾಗ ಎಷ್ಟು ಅದುರಿತೆಂದರೆ, ಅಲ್ಲಿದ್ದ ಎರಡನೇ ದರ್ಜೆಯ ಕೋಣೆಗಳನ್ನು ಬಿಚ್ಚಿ ಒಳಗೆ ಬಲವಾದ ಆಸರೆ ಕೊಡಬೇಕಾಯಿತು. 1935ರಲ್ಲಿ ಫ್ರಾನ್ಸಿನ ‘ನಾರ್ಮಂಡಿ’ಗೂ ಇದೇ ಗತಿ. ಮೂರು ರೆಕ್ಕೆಯ ಪ್ರೊಪೆಲ್ಲರುಗಳನ್ನು ತೆಗೆದು ನಾಲ್ಕು ರೆಕ್ಕೆಯವನ್ನು ಹಾಕಿದ ಮೇಲೆ ಅದರ ನಡುಕ ಬಹಳ ಇಳಿಯಿತು. ಹಡಗಿನ ಒಡಲಿನ ಹತ್ತಿರ ಒಂದೊಂದು ರೆಕ್ಕೆ ಹಾದುಹೋಗುವಾಗಲೂ ನೀರು ಆ ಒಡಲಿಗೆ ಒಂದು ಏಟು ಕೊಡುತ್ತದೆ. ಒಡಲಿನ ಸಹಜ ಕಂಪನಕ್ಕೆ ಆ ಏಟುಗಳ ಲಯ ಹೊಂದಿಕೊಂಡರೆ ಅದುರು ಬೆಳೆಯುತ್ತ ಹೋಗುತ್ತದೆ. ರೆಕ್ಕೆಯ ಸಂಖ್ಯೆ ಬದಲಾದರೆ ಲಯ ತಪ್ಪುತ್ತದೆ.

ಜಲಾಂತರ್ಗಾಮಿಗಳ ಯುಗದಲ್ಲಂತೂ, ಅಡಗಿದ ಹಡಗಿನ ಸುಳಿವನ್ನು ಶತ್ರುವಿಗೆ ಕೊಡುವ ಪ್ರೊಪೆಲ್ಲರಿನ ಸದ್ದು ರಾಜಕೀಯಕ್ಕೇ ಇಳಿಯಿತು. ಸದ್ದು ಕಡಿಮೆಯಾಗುವಂತೆ ರೆಕ್ಕೆಗಳನ್ನು ನಯವಾಗಿ ಕಡೆಯಬಲ್ಲ ಯಂತ್ರಗಳನ್ನು ಜಪಾನಿನ ತೋಶಿಬಾ ಸಮೂಹದ ಕಂಪನಿಯೊಂದು, ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯ ನಿಯಂತ್ರಣ ಸಾಧನಗಳೊಂದಿಗೆ, ಸೋವಿಯತ್ ಒಕ್ಕೂಟಕ್ಕೆ ಮಾರಿದ್ದು 1987ರಲ್ಲಿ ಬಯಲಾಯಿತು. ಅಮೆರಿಕದ ಸಂಸದರು ಕ್ಯಾಪಿಟಲ್ ಮುಂದೆ ತೋಶಿಬಾ ರೇಡಿಯೊವನ್ನು ಸುತ್ತಿಗೆಯಿಂದ ಜಜ್ಜಿ ಫೋಟೊ ತೆಗೆಸಿಕೊಂಡರು. ಸೋವಿಯತ್ ಜಲಾಂತರ್ಗಾಮಿಗಳು ಮೌನವಾದದ್ದಕ್ಕೆ ಆ ಯಂತ್ರಗಳೇ ಎಷ್ಟರಮಟ್ಟಿಗೆ ಕಾರಣ ಎಂಬ ವಾದ ಮಾತ್ರ ಬಗೆಹರಿದಿಲ್ಲ.

ದೋಣಿಯ ಹಿಂದೆ ಸಿಕ್ಕಿಸಿ, ಬೇಕಾದಾಗ ಬಿಚ್ಚಿಕೊಂಡು ಹೋಗಬಹುದಾದ ಔಟ್‌ಬೋರ್ಡ್ ಮೋಟರಿನ ಚರಿತ್ರೆ ಹಡಗಿನ ಪ್ರೊಪೆಲ್ಲರಿನದಕ್ಕಿಂತ ಚಿಕ್ಕದು. 1881ರಲ್ಲಿ ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಸೇನ್ ನದಿಯಲ್ಲಿ ವಿದ್ಯುತ್ತಿನಿಂದ ಓಡುವ ಅಂಥದೊಂದನ್ನು ತೋರಿಸಿದ. ಅಮೆರಿಕದಲ್ಲಿ ಕ್ಯಾಮರಾನ್ ವಾಟರ್‌ಮನ್ 1905ರ ಹೊತ್ತಿಗೆ ಪೆಟ್ರೋಲಿನದನ್ನು ಓಡಿಸಿದ. ಅದನ್ನು ಮನೆಮಾತಾಗಿಸಿದವನು ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್. 1909ರ ಅವನ ಮೋಟರು ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೊ. ಮೇಲೆ ಎಂಜಿನ್, ಅದರಿಂದ ನೆಟ್ಟಗೆ ಕೆಳಗಿಳಿಯುವ ಶಾಫ್ಟ್, ತುದಿಯಲ್ಲಿ ಗೇರು, ಅಡ್ಡಲಾಗಿ ಪ್ರೊಪೆಲ್ಲರ್: ಈ ಜೋಡಣೆ ಇಂದಿಗೂ ಹಾಗೇ ಇದೆ. ಒಂಟಿ ಸಿಲಿಂಡರಿನ ಆ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಒದ್ದು ದೋಣಿಯನ್ನೇ ಅಲುಗಾಡಿಸುತ್ತಿತ್ತು. ಅಂಥ ಅಲುಗಾಟದ ನಡುವೆ ಪ್ರೊಪೆಲ್ಲರಿನ ತೊಂದರೆ ಯಾರ ಅರಿವಿಗೂ ಬರುವಂತಿರಲಿಲ್ಲ. 1921ರಲ್ಲಿ ಎವಿನ್‌ರೂಡ್ ತಂದ ‘ಎಲ್ಟೊ’ದಲ್ಲಿ ಎರಡು ಸಿಲಿಂಡರುಗಳು ಎದುರುಬದುರಾಗಿದ್ದವು, ಒಂದರ ಒದೆತವನ್ನು ಇನ್ನೊಂದು ಹೀರುತ್ತಿತ್ತು. ಎಂಜಿನ್ ಹೀಗೆ ಹದಕ್ಕೆ ಬಂದ ಮೇಲೆಯೇ ಔಟ್‌ಬೋರ್ಡಿನಲ್ಲಿ ಪ್ರೊಪೆಲ್ಲರಿನ ನಡುಕ ಬೇರೆಯಾಗಿ ಗುರುತಿಗೆ ಸಿಕ್ಕಿತು.

ಮೊದಮೊದಲು ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುತ್ತಿದ್ದುದು ಮೆದು ಲೋಹದ ಒಂದು ಪಿನ್. ರೆಕ್ಕೆ ಬಂಡೆಗೆ ಬಡಿದರೆ ಪಿನ್ ತುಂಡಾಗಿ ಗೇರು ಉಳಿಯುತ್ತಿತ್ತು. ನಂತರದ ಮೋಟರುಗಳಲ್ಲಿ ಆ ಕೆಲಸವನ್ನು ಪ್ರೊಪೆಲ್ಲರಿನ ನಡುಗುಂಬದೊಳಗೆ ಬಿಗಿಯಾಗಿ ಕೂರಿಸಿದ ರಬ್ಬರ್ ಬುಷ್ ಮಾಡಿತು. ಏಟು ಬಿದ್ದಾಗ ಅದು ಜಾರುತ್ತದೆ, ಗೇರು ಬದಲಿಸುವಾಗಿನ ಹೊಡೆತವನ್ನೂ ನುಂಗುತ್ತದೆ. ಇದರೊಂದಿಗೆ ಹೊಸ ಕಾಯಿಲೆಯೂ ಬಂತು. ಬುಷ್ ಹಳತಾಗಿ ಹಿಡಿತ ಬಿಟ್ಟರೆ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ; ಕ್ಯಾವಿಟೇಶನ್ ಎಂದು ತಪ್ಪು ತಿಳಿಯುವುದು ಸುಲಭ. ಪರೀಕ್ಷೆ ಸರಳವಾಗಿದೆ: ಬುಷ್‌ನ ಒಳಗಿನ ಕೊಳವೆಯಿಂದ ಹೊರಗಿನ ಗುಂಬದವರೆಗೆ ಬಣ್ಣದ ಒಂದು ಗೆರೆ ಎಳೆದು ದೋಣಿಯನ್ನು ಓಡಿಸಿ ತಂದು ನೋಡಬೇಕು. ಗೆರೆ ಎರಡಾಗಿದ್ದರೆ ಬುಷ್ ಜಾರಿದೆ.

ಕ್ಯಾವಿಟೇಶನ್ ಹೆಸರಿನಲ್ಲಿ ದೂರು ಹೊರುವ ಇನ್ನೊಂದು ಸಂಗತಿ ಗಾಳಿ ಸೆಳೆತ. ಇಲ್ಲಿ ನೀರು ಆವಿಯಾಗುವುದಿಲ್ಲ. ಮೇಲಿನ ಗಾಳಿಯೋ ಎಂಜಿನ್ನಿನ ಹೊಗೆಯೋ ರೆಕ್ಕೆಯವರೆಗೆ ಇಳಿಯುತ್ತದೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡತಟ್ಟೆ ಇರುವುದು ಇದನ್ನು ತಡೆಯಲು. ಮೋಟರು ತೀರಾ ಎತ್ತರಕ್ಕೆ ಕೂತು ಆ ತಟ್ಟೆ ದೋಣಿಯ ತಳದಿಂದ ಬಹಳ ಮೇಲಾದರೆ, ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಮೊರೆದು ತಳ್ಳುವ ಬಲ ಕಳೆದುಕೊಳ್ಳುತ್ತದೆ. ನಿಜವಾದ ಕ್ಯಾವಿಟೇಶನ್ ತನ್ನ ಗುರುತನ್ನು ರೆಕ್ಕೆಯ ಮೇಲೇ ಬಿಟ್ಟುಹೋಗುತ್ತದೆ. ಅಂಚಿನಲ್ಲಿ ಸಣ್ಣ ಹೊಡೆತ ಬಿದ್ದು ಜಜ್ಜಿದ್ದರೆ, ಅದರ ಹಿಂದೆ ಬಣ್ಣ ಹಾರಿ, ಲೋಹ ಒರಟಾಗಿ ಕುಳಿಬಿದ್ದ ಪಟ್ಟಿ ಕಾಣುತ್ತದೆ.

ನಡುಕದ ಮೂಲ ಹುಡುಕಲು ಅದರ ಲಯವೂ ನೆರವಾಗುತ್ತದೆ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ, ಗೇರು ಅದನ್ನು ಅರ್ಧಕ್ಕೆ ಇಳಿಸಿದರೆ ಪ್ರೊಪೆಲ್ಲರ್ 2,500 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 42. ಒಂದೇ ರೆಕ್ಕೆ ಬಾಗಿದ್ದರೆ ಅಥವಾ ಮುರಿದಿದ್ದರೆ ನಡುಕ ಈ ಲಯದಲ್ಲಿ, ದಪ್ಪ ಗುಡುಗುಡು ಎಂದು ಬರುತ್ತದೆ. ಮೂರು ರೆಕ್ಕೆಗಳ ಸಹಜ ಮಿಡಿತ ಸೆಕೆಂಡಿಗೆ 125. ಅದು ಕೇಳುವುದು ಗುಂಯ್ ಎಂಬ ನಾದವಾಗಿ. ನ್ಯೂಟ್ರಲ್‌ನಲ್ಲಿ ನಿಂತಿದ್ದಾಗಲೂ ಮೋಟರು ಅದುರಿದರೆ ಪ್ರೊಪೆಲ್ಲರನ್ನು ದೂರಿ ಪ್ರಯೋಜನವಿಲ್ಲ. ಗೇರಿಗೆ ಹಾಕಿದಾಗ ಮಾತ್ರ ಅದುರಿದರೆ, ಚೆನ್ನಾಗಿದೆ ಎಂದು ಗೊತ್ತಿರುವ ಬೇರೊಂದು ಪ್ರೊಪೆಲ್ಲರ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಅದಕ್ಕೂ ಬಗ್ಗದಿದ್ದರೆ ಸ್ಪಾರ್ಕ್ ಪ್ಲಗ್ಗಿನ ವಯರು ಕಳಚಿ, ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ತುದಿಯ ಬಳಿ ಒಂದು ಕಡ್ಡಿಯನ್ನು ಅಲುಗದಂತೆ ಹಿಡಿದು ಶಾಫ್ಟನ್ನು ಕೈಯಲ್ಲಿ ತಿರುಗಿಸಬೇಕು. ಕಡ್ಡಿಗೂ ಶಾಫ್ಟಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಾಗಿದೆ.

ಕರ್ನಾಟಕದ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ, ಪರ್ಸೀನ್ (ಸುತ್ತುಬಲೆ) ಬೋಟುಗಳು ಬಂದು, ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ ಮುಗಿಯುತ್ತ ಬಂದ ಹೊತ್ತಿಗೆ. ಆಗ ಬಂದವುಗಳಲ್ಲಿ ಸೀಮೆಎಣ್ಣೆಯಲ್ಲಿ ಓಡುವ, ಹತ್ತು ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನುಗಳು ಹೆಚ್ಚಾಗಿದ್ದವು. ಅಳಿವೆಗಳಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸುತ್ತಲೇ ಇರುವುದರಿಂದ ಇಲ್ಲಿ ಅಲ್ಯೂಮಿನಿಯಂ ರೆಕ್ಕೆಯ ಅಂಚು ಬೇಗ ಸವೆಯುತ್ತದೆ. ಅದಕ್ಕಿಂತ ಕಳ್ಳ ಶತ್ರು ಬಲೆಯದೇ ತಂಗೂಸಿ (ನೈಲಾನ್ ಎಳೆ). ತುಂಡಾದ ಎಳೆ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ತಿರುಗುವ ಬಿಸಿಗೆ ಕರಗಿ, ಗೇರಿನ ಎಣ್ಣೆ ಕಾಯುವ ಸೀಲನ್ನು ಕೊಯ್ಯುತ್ತದೆ. ಎಣ್ಣೆ ಹೊರಗೆ, ಉಪ್ಪುನೀರು ಒಳಗೆ. ಕೆಲ ದಿನಗಳ ಮೇಲೆ ಗೇರು ಕಿರುಗುಟ್ಟತೊಡಗಿದಾಗ ನೋಟ ಹೋಗುವುದು ರೆಕ್ಕೆಯ ಕಡೆ. ರೆಕ್ಕೆಯಲ್ಲಿ ಏನೂ ಇರುವುದಿಲ್ಲ. ಗೇರುಪೆಟ್ಟಿಗೆಯ ಕೆಳಗಿನ ತಿರುಪು ಸಡಿಲಿಸಿದರೆ ಹಾಲುಬಣ್ಣದ ಎಣ್ಣೆ ಇಳಿಯುತ್ತದೆ: ನೀರು ಸೇರಿದೆ ಎಂದರ್ಥ. ಬೆರಳಿಗೆ ಹಚ್ಚಿ ಉಜ್ಜಿದಾಗ ಲೋಹದ ಚೂರು ಮಿನುಗಿದರೆ ಬೇರಿಂಗ್ ಅಥವಾ ಗೇರಿನ ಹಲ್ಲು ಹೋಗಿದೆ. ಆಗ ಸೀಲಿನ ಜೊತೆಗೆ ಅವನ್ನೂ ಬದಲಿಸಬೇಕಾಗುತ್ತದೆ.