ಬಿಗಿದುಕೊಂಡ ಜಾಕಿಯ ಹಿಂದಿನ ಕಥೆ

ಅಮೆರಿಕದ ಉತ್ತರ ಭಾಗದ ಸರೋವರ ಸೀಮೆಯಲ್ಲಿ ಹಿಮ ಕರಗುವ ಹೊತ್ತಿಗೆ ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದೇ ಬಗೆಯ ಪೇಚಾಟ ನಡೆಯುತ್ತದೆ. ಚಳಿಗಾಲವಿಡೀ ಹೊದಿಕೆಯಡಿ ಮಲಗಿದ್ದ ಮೋಟಾರು ದೋಣಿಯನ್ನು ಕೆರೆಗೊಯ್ಯಬೇಕು. ದೋಣಿ ಕುಳಿತಿರುವುದು ಎರಡು ಚಕ್ರದ ಟ್ರೇಲರಿನ ಮೇಲೆ. ಎತ್ತು ಬಿಚ್ಚಿದ ಗಾಡಿಯ ಮೂಕಿಗೆ ನಮ್ಮಲ್ಲಿ ಊರುಗೋಲು ಕೊಟ್ಟು ನಿಲ್ಲಿಸುತ್ತಾರಲ್ಲ, ಹಾಗೆ ಈ ಟ್ರೇಲರಿನ ಮೂಕಿಯನ್ನು ಒಂದು ಜಾಕಿ ಹೊತ್ತು ನಿಂತಿರುತ್ತದೆ. ಅದರ ಹಿಡಿಕೆ ತಿರುಗಿಸಿ ಮೂಕಿಯನ್ನು ಎತ್ತಿ, ಕಾರನ್ನು ಹಿಂದಕ್ಕೆ ತಂದು, ಮತ್ತೆ ಇಳಿಸಿ ಕೊಂಡಿ ಹಾಕಬೇಕು. ಹಿಡಿಕೆ ತಿರುಗುವುದಿಲ್ಲ. ಒಂದು ಕೈ ಸಾಲದೆ ಎರಡು ಕೈ, ಅದೂ ಸಾಲದೆ ಸುತ್ತಿಗೆ.

ಸುತ್ತಿಗೆ ಎತ್ತಿಕೊಳ್ಳುವ ಮುನ್ನ ಆ ಜಾಕಿಯ ವಂಶಾವಳಿಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಬಿಗಿದುಕೊಳ್ಳುವುದು ಅದರ ರೋಗ ಮಾತ್ರವಲ್ಲ, ಅದರ ಗುಣವೂ ಹೌದು.

ಮೊದಲು ಹೆಸರು. ಇಂಗ್ಲಿಷಿನಲ್ಲಿ 'ಜಾಕ್' ಎಂಬುದು ಹೆಸರು ಕೇಳುವ ಗೋಜಿಲ್ಲದ ಆಳನ್ನು ಕರೆಯುವ ಹೆಸರಾಗಿತ್ತು. ಆಳು ಮಾಡುವ ಕೆಲಸವನ್ನು ಯಾವುದಾದರೂ ಸಲಕರಣೆ ಮಾಡಿದರೆ ಅದೂ ಜಾಕ್ ಆಯಿತು. ಬೂಟು ಕಳಚುವ ಹಲಗೆಯೂ ಜಾಕ್, ಬೆಂಕಿಯ ಮೇಲೆ ಮಾಂಸ ತಿರುಗಿಸುವ ಯಂತ್ರವೂ ಜಾಕ್. ನಮ್ಮ ಲಾರಿ ಗ್ಯಾರೇಜುಗಳಿಗೆ ಬರುವ ಹೊತ್ತಿಗೆ ಅದು ಜಾಕಿಯಾಗಿ, ಆಳಿನ ನೆನಪು ಪೂರ್ತಿ ಅಳಿದುಹೋಗಿದೆ.

ಟ್ರೇಲರಿನ ಜಾಕಿಯ ಒಳಗಿರುವುದು ಒಂದು ಉದ್ದನೆಯ ತಿರುಪು. ತಿರುಪೆಂದರೆ ಮತ್ತೇನಲ್ಲ, ಕಂಬಕ್ಕೆ ಸುತ್ತಿದ ಘಾಟಿ ರಸ್ತೆ. ಆಗುಂಬೆಯನ್ನು ನೆಟ್ಟಗೆ ಹತ್ತಲಾರದ ಬಸ್ಸು ಸುತ್ತು ರಸ್ತೆಯಲ್ಲಿ ಹತ್ತುತ್ತದೆ. ದಾರಿ ಉದ್ದವಾಗುತ್ತದೆ, ಏರು ಸಲೀಸಾಗುತ್ತದೆ. ತಿರುಪಿನಲ್ಲೂ ಹಿಡಿಕೆ ಪೂರಾ ಒಂದು ಸುತ್ತು ಬಂದರೆ ಹೊರೆ ಏರುವುದು ಕೆಲವೇ ಮಿಲಿಮೀಟರು. ಆದರೆ ಬಸ್ಸಿಗೂ ತಿರುಪಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಘಾಟಿಯ ನಡುವೆ ಬ್ರೇಕು ಬಿಟ್ಟರೆ ಬಸ್ಸು ಹಿಂದಕ್ಕೆ ಉರುಳುತ್ತದೆ. ಜಾಕಿಯ ಹಿಡಿಕೆ ಬಿಟ್ಟರೆ ಹೊರೆ ಉರುಳುವುದಿಲ್ಲ. ಅದನ್ನು ಹಿಡಿದಿರುವ ಬ್ರೇಕು ಯಾವುದು? ಘರ್ಷಣೆ. ತಿರುಪಿನ ಇಳಿಜಾರು ಸುಮಾರು ಐದು ಡಿಗ್ರಿ ಎಂದಿಟ್ಟುಕೊಳ್ಳಿ. ಎಣ್ಣೆ ಸವರಿದ ಲೋಹದ ಮೇಲೆ ಲೋಹ ಜಾರಲು ಎಂಟು ಡಿಗ್ರಿಗೂ ಮಿಕ್ಕಿದ ಇಳಿಜಾರು ಬೇಕೆಂದಾದರೆ ಹೊರೆ ಇದ್ದಲ್ಲೇ ಕೂತಿರುತ್ತದೆ. ಈ ಸೇವೆಗೆ ಘರ್ಷಣೆ ಕೇಳುವ ಸಂಬಳ ಮಾತ್ರ ದುಬಾರಿ. ಮೇಲಿನ ಲೆಕ್ಕದಲ್ಲಿ ನಾವು ಹಾಕುವ ಶ್ರಮದ ನೂರು ಪಾಲಿನಲ್ಲಿ ಹೊರೆ ಎತ್ತಲು ಸಲ್ಲುವುದು ಸುಮಾರು 36 ಪಾಲು. ಮಿಕ್ಕದ್ದು ಘರ್ಷಣೆಗೇ ಅರ್ಪಿತ. ತಾನಾಗಿ ಹೊರೆ ಹಿಡಿದು ನಿಲ್ಲುವ ಯಾವ ತಿರುಪೂ ಶ್ರಮದ ಅರ್ಧದಷ್ಟನ್ನು ಹಿಂದಿರುಗಿಸುವುದಿಲ್ಲ. ಅಂದರೆ ಜಾಕಿ ಹುಟ್ಟುವಾಗಲೇ ಅರೆಬಿಗಿ. ತುಕ್ಕು, ಮರಳು, ಒಣಗಿದ ಗ್ರೀಸು ಸೇರಿ ಘರ್ಷಣೆ ಇಮ್ಮಡಿಯಾಯಿತೆನ್ನಿ, ಹಿಡಿಕೆಗೆ ಬೇಕಾದ ಬಲ ಒಂದೂವರೆ ಪಟ್ಟಿಗೂ ಮೇಲೆ ಹೋಗುತ್ತದೆ.

ತಿರುಪು ಬಹಳ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಹೀರೋ ತನ್ನ ಯಂತ್ರಶಾಸ್ತ್ರ ಗ್ರಂಥದಲ್ಲಿ ಹಣ್ಣು ಹಿಂಡುವ ತಿರುಪಿನ ಗಾಣವನ್ನು ವರ್ಣಿಸಿದ್ದಾನೆ. ಆ ಗ್ರಂಥ ಪೂರ್ಣವಾಗಿ ಉಳಿದಿರುವುದು ಅರಬ್ಬಿ ಅನುವಾದದಲ್ಲಿ. ಹಿಂಡುವ ತಿರುಪನ್ನು ತಲೆಕೆಳಗು ಮಾಡಿದರೆ ಎತ್ತುವ ತಿರುಪು. 13ನೆಯ ಶತಮಾನದ ಫ್ರಾನ್ಸಿನಲ್ಲಿ ವಿಲಾರ್ ದ ಒನ್‌ಕೂರ್ ಎಂಬಾತ ತನ್ನ ಚಿತ್ರಪುಸ್ತಕದಲ್ಲಿ ಭಾರ ಎತ್ತುವ ತಿರುಪಿನ ಯಂತ್ರವೊಂದನ್ನು ಬರೆದಿಟ್ಟ. ದೊಡ್ಡ ದೊಡ್ಡ ಇಗರ್ಜಿಗಳು ಏಳುತ್ತಿದ್ದ ಕಾಲ ಅದು, ಕಲ್ಲು ಮೇಲಕ್ಕೇರಬೇಕಿತ್ತು.

ಇಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಮ್ಯಾಡ್ರಿಡ್ಡಿನ ಗ್ರಂಥಾಲಯದಲ್ಲಿ ಕಾಣೆಯಾಗಿದ್ದು 1960ರ ದಶಕದಲ್ಲಿ ಮತ್ತೆ ಸಿಕ್ಕಿದ ಅವನ ಹಸ್ತಪ್ರತಿಯಲ್ಲಿ ಒಂದು ತಿರುಪು ಜಾಕಿಯ ಚಿತ್ರವಿದೆ. ಹೊರೆ ಹೊತ್ತು ತಿರುಗುವ ಭಾಗದ ಅಡಿಯಲ್ಲಿ ಅವನು ಉರುಳುವ ಬೇರಿಂಗನ್ನು ಇಟ್ಟಿದ್ದಾನೆ. ಜಾಕಿಯಲ್ಲಿ ಘರ್ಷಣೆ ಎರಡು ಕಡೆ ಇರುತ್ತದೆ. ತಿರುಪಿನ ಸುರುಳಿಯಲ್ಲಿರುವುದು ಹೊರೆಯನ್ನು ಕಾಯುವ ಘರ್ಷಣೆ, ಅದು ಬೇಕು. ಹೊರೆ ಹೊತ್ತು ತಿರುಗುವ ಕತ್ತಿನಲ್ಲಿರುವುದು ಬಹುಪಾಲು ದಂಡ. ಲಿಯೊನಾರ್ಡೊ ಕೈಹಾಕಿದ್ದು ಎರಡನೆಯದಕ್ಕೆ. ಇಂದಿನ ಒಳ್ಳೆಯ ಟ್ರೇಲರ್ ಜಾಕಿಯ ತಲೆಯ ಮುಚ್ಚಳ ತೆಗೆದು ನೋಡಿ, ಅಲ್ಲೂ ಒಂದು ಬೇರಿಂಗ್ ಕೂತಿರುತ್ತದೆ. ಅಗ್ಗದ ಮಾಲಿನಲ್ಲಿ ಅದರ ಜಾಗದಲ್ಲಿ ಬರೀ ವಾಷರ್.

ಘರ್ಷಣೆಯನ್ನು ಕ್ರಮವಾಗಿ ಅಳೆದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಕುಲಂಬ್ ಅವರದು. ಶಾಲೆಯಲ್ಲಿ ವಿದ್ಯುತ್ತಿನ ಪಾಠದಲ್ಲಿ ಬರುವವರೇ ಇವರು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ನೌಕಾಪಡೆ ಬಳಸುವ ಸರಳ ಯಂತ್ರಗಳ ಘರ್ಷಣೆಯ ಬಗ್ಗೆ ಬಹುಮಾನ ಸಾರಿತ್ತು. ಕುಲಂಬ್ ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಮರದ ಹಲಗೆ, ಲೋಹ, ಕೊಬ್ಬು ಇಟ್ಟುಕೊಂಡು ಪ್ರಯೋಗ ಮಾಡಿ 1781ರಲ್ಲಿ ಆ ಬಹುಮಾನ ಗೆದ್ದರು. ಅವರು ಕಂಡುಕೊಂಡದ್ದರಲ್ಲಿ ಒಂದು ಸಂಗತಿ ಇದು: ಮರದ ಮೇಲೆ ಮರವನ್ನಿಟ್ಟು ಬಿಟ್ಟರೆ, ಹೊತ್ತು ಕಳೆದಷ್ಟೂ ಅದನ್ನು ಮೊದಲ ಸಲ ಕದಲಿಸಲು ಹೆಚ್ಚು ಬಲ ಬೇಕು. ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕೂತ ಹಡಗನ್ನು ನೀರಿಗೆ ಜಾರಿಸುವವರಿಗೆ ಇದು ಕೈಯಳತೆಯ ಅನುಭವವಾಗಿದ್ದಿರಬೇಕು.

ಈ ಅನುಭವವನ್ನು ಭಾರಿ ಬೆಲೆ ತೆತ್ತು ಪಡೆದವರು ಇಂಗ್ಲೆಂಡಿನ ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್. ಅವರ 'ಗ್ರೇಟ್ ಈಸ್ಟರ್ನ್' ಹಡಗು 692 ಅಡಿ ಉದ್ದ, ನೀರಿಗಿಳಿಸುವಾಗಿನ ತೂಕ ಸುಮಾರು 12,000 ಟನ್. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಅದನ್ನು ಅಡ್ಡಲಾಗಿ ಜಾರಿಸಲು 12 ಅಡಿಗೆ ಒಂದಡಿ ಇಳಿಯುವ ಹಳಿಗಳನ್ನು ಹಾಕಿದ್ದರು. ಕೊಬ್ಬು ಸವರಿದ ಮರದ ಬದಲು ಕಬ್ಬಿಣದ ಮೇಲೆ ಕಬ್ಬಿಣ. ಆ ಇಳಿಜಾರು ಹೆಚ್ಚುಕಡಿಮೆ ನಮ್ಮ ಜಾಕಿಯ ತಿರುಪಿನಷ್ಟೇ ಎಂಬುದನ್ನು ಗಮನಿಸಿ. 1857ರ ನವೆಂಬರ್ 3ರಂದು ನೆರೆದ ಜನಜಂಗುಳಿಯ ಮುಂದೆ ಹಡಗು ಕೆಲವು ಅಡಿ ಸರಿಯಿತು. ಅದನ್ನು ತಡೆಹಿಡಿಯಲಿಟ್ಟಿದ್ದ ರಾಟೆಯ ಹಿಡಿಕೆಗಳು ರಪ್ಪನೆ ಹಿಮ್ಮುಖ ತಿರುಗಿ ಕಾರ್ಮಿಕರನ್ನು ಎತ್ತಿ ಎಸೆದವು, ಸಾವೂ ಸಂಭವಿಸಿತು. ಆಮೇಲೆ ಹಡಗು ಜಪ್ಪಯ್ಯ ಎನ್ನಲಿಲ್ಲ. ಒಂದೇ ದಿನ ಎರಡೂ ಅಪಾಯಗಳು ಕಣ್ಣೆದುರು ಬಂದವು: ಘರ್ಷಣೆ ಸಾಲದ ರಾಟೆ ಜನರನ್ನು ಕೊಂದಿತು, ಘರ್ಷಣೆ ಹೆಚ್ಚಾದ ಹಳಿ ಹಡಗನ್ನು ಹಿಡಿದುಕೊಂಡಿತು. ಬರ್ಮಿಂಗ್‌ಹ್ಯಾಮಿನ ಟ್ಯಾಂಗಿ ಸಹೋದರರು ಒದಗಿಸಿದ ನೀರಿನ ಒತ್ತಡದ ಜಾಕಿಗಳಿಂದ ನೂಕಿ ನೂಕಿ, ಅಂಗುಲ ಅಂಗುಲ ಸರಿಸಿ, ಕೊನೆಗೆ 1858ರ ಜನವರಿ 31ರಂದು ಹಡಗು ತೇಲಿತು. ಹಡಗನ್ನು ನಾವು ತೇಲಿಸಿದೆವು, ಹಡಗು ನಮ್ಮನ್ನು ತೇಲಿಸಿತು ಎಂದು ಆ ಸಹೋದರರು ಮುಂದೆ ಹೇಳಿಕೊಂಡದ್ದುಂಟು. (ಪ್ರಯಾಣಿಕರನ್ನು ಒಯ್ದು ಲಾಭ ಮಾಡಲಾರದೆ ಹೋದ ಇದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ಸಮುದ್ರದಡಿ ತಂತಿ ಹಾಸಿತು.)

ಅದೇ ಜನವರಿಯಲ್ಲಿ ಅಟ್ಲಾಂಟಿಕ್ಕಿನ ಆಚೆ ಷಿಕಾಗೋದಲ್ಲಿ ತಿರುಪು ಜಾಕಿ ತನ್ನ ಒಳ್ಳೆಯ ಮುಖವನ್ನು ತೋರಿಸುತ್ತಿತ್ತು. ಕೆಸರಿನ ಮಟ್ಟದಲ್ಲಿದ್ದ ಆ ಊರಿಗೆ ಚರಂಡಿ ಹಾಕಬೇಕಾದರೆ ಬೀದಿಗಳನ್ನೇ ಏರಿಸಬೇಕಿತ್ತು; ಬೀದಿ ಏರಿದರೆ ಕಟ್ಟಡಗಳೂ ಏರಬೇಕು. 750 ಟನ್ನಿನ, ನಾಲ್ಕಂತಸ್ತಿನ ಇಟ್ಟಿಗೆ ಕಟ್ಟಡವೊಂದನ್ನು 200 ತಿರುಪು ಜಾಕಿಗಳಿಂದ ಆರಡಿಗೂ ಮೇಲೆ ಎತ್ತಿದರು. 1860ರಲ್ಲಿ ಲೇಕ್ ಸ್ಟ್ರೀಟಿನ 320 ಅಡಿ ಉದ್ದದ ಅಂಗಡಿ ಸಾಲನ್ನು, ಅಂದಾಜು 35,000 ಟನ್ ಭಾರವನ್ನು, 600 ಆಳುಗಳು 6,000 ಜಾಕಿಗಳನ್ನು ತಿರುಗಿಸಿ ಐದು ದಿನಗಳಲ್ಲಿ ನಾಲ್ಕಡಿ ಎಂಟಂಗುಲ ಏರಿಸಿದರು. ವ್ಯಾಪಾರ ನಿಲ್ಲಲಿಲ್ಲ. ಒಬ್ಬ ಆಳಿನ ಪಾಲಿಗೆ ಹತ್ತು ಜಾಕಿ. ಒಂದರ ಹಿಡಿಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮೊದಲನೆಯದು ಇಳಿಯದೆ ನಿಂತಿದ್ದರಿಂದಲೇ ಇದು ಸಾಧ್ಯವಾಯಿತು. ಅಷ್ಟೂ ಜಾಕಿಗಳು ಸಮಸಮವಾಗಿ ಏರಬೇಕಿತ್ತೆಂಬುದೂ ನಿಜ. ಕೆಲವು ಬಿಗಿದುಕೊಂಡರೆ ಗೋಡೆ ಬಿರುಕು ಬಿಡುವುದೇ.

ದೋಣಿಯ ಟ್ರೇಲರು ಇದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಓಲೆ ಎವಿನ್ರೂಡ್ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರನ್ನು ಮಾರಾಟಕ್ಕೆ ತಂದದ್ದು 1909ರಲ್ಲಿ. ಎರಡನೆಯ ಮಹಾಯುದ್ಧದ ನಂತರ ಕಾರು, ಹೆದ್ದಾರಿ, ಹಗುರವಾದ ದೋಣಿ ಮೂರೂ ಕೂಡಿಬಂದು ಸಂಸಾರಸ್ಥರು ದೋಣಿಯನ್ನು ಮನೆಯಲ್ಲಿಟ್ಟು ರಜೆಗೆ ಒಯ್ಯತೊಡಗಿದರು. ಟ್ಯಾಂಗಿಯವರ ಬಗೆಯ ದ್ರವದ ಜಾಕಿ ಹೆಚ್ಚು ಬಲಶಾಲಿಯಾದರೂ ಅದರ ವಾಷರ್ ಸವೆದರೆ ಹೊರೆ ಮೆಲ್ಲಗೆ ಕುಸಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಬೇಕಾದ ಕಡೆ ತಿರುಪೇ ಮೇಲು. ತೊಂದರೆ ಏನೆಂದರೆ ಈ ತಿರುಪು ನೀರಿನ ಸಹವಾಸದಲ್ಲಿರುತ್ತದೆ. ದಾರಿಯಲ್ಲಿ ಮಳೆ, ಕೆಸರು; ದಂಡೆಯಲ್ಲಿ ಅಲೆ; ಕರಾವಳಿಯಾದರೆ ಉಪ್ಪು.

ಇನ್ನು ಸುತ್ತಿಗೆ ಹಿಡಿದು ನಿಂತವನ ಹತ್ತಿರ ಹೋಗೋಣ. ಮೊದಲು ಸುತ್ತಿಗೆ ಕೆಳಗಿಡಲಿ. ಜಾಕಿಯೆಂದರೆ ಒಂದರೊಳಗೊಂದು ಸರಿಯುವ ಎರಡು ಕೊಳವೆಗಳು. ಹೊರಗಿನದು ಚೂರು ನೆಗ್ಗಿದರೂ ಒಳಗಿನದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಮೂಕಿಯ ಅಡಿಗೆ ಗಟ್ಟಿ ದಿಮ್ಮಿ ಇಟ್ಟು, ಜಾಕಿಯ ಮೇಲಿನ ಭಾರವನ್ನು ಪೂರ್ತಿ ತೆಗೆಯಬೇಕು. ಹಿಡಿಕೆ ತಿರುಗದಿದ್ದರೆ ಕಾರಿನ ಜಾಕಿಯಿಂದ ಮೂಕಿ ಎತ್ತಿ ದಿಮ್ಮಿ ಇಡಬಹುದು. ಬಿಚ್ಚುವಾಗ ಅದರಡಿ ಕೈ ಕಾಲು ಇಡುವುದೇ ಬೇಡ.

ಭಾರವಿಲ್ಲದೆ ಹಿಡಿಕೆ ತಿರುಗಿಸಿ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಬರಿದಾಗಿದ್ದಾಗ ಸಲೀಸು, ಭಾರ ಬಿದ್ದಾಗ ಬಿಗಿ ಎಂದಾದರೆ ಲಿಯೊನಾರ್ಡೊನ ಜಾಗವನ್ನು, ಅಂದರೆ ತಲೆಯ ಬೇರಿಂಗನ್ನು ಮೊದಲು ಶಂಕಿಸಿ. ಪ್ರತಿ ಸುತ್ತಿನಲ್ಲೂ ಒಂದೇ ಕಡೆ ತಡೆದರೆ ಪಕ್ಕದ ಹಿಡಿಕೆಯ ಜಾಕಿಯಲ್ಲಿ ಗೇರಿನ ಹಲ್ಲು ಮುರಿದಿರಬಹುದು, ಇಲ್ಲವೆ ಹಲ್ಲಿನ ಸಂದಿಗೆ ಕಲ್ಲಿನ ಚೂರು ಹೊಕ್ಕಿರಬಹುದು. ಒಂದು ನಿರ್ದಿಷ್ಟ ಎತ್ತರಕ್ಕೆ ಬಂದಾಗ ಮಾತ್ರ ಬಿಗಿದರೆ ಕೊಳವೆ ನೆಗ್ಗಿದೆ ಅಥವಾ ತಿರುಪಿನ ಕಂಬಿ ಬಾಗಿದೆ. ಎಲ್ಲ ಕಡೆಯೂ ಕರಕರ ಎಂದರೆ ತುಕ್ಕು ಮತ್ತು ಒಣ ಗ್ರೀಸು. ಕೊನೆಯದೇ ಹೆಚ್ಚು.

ಮೇಲಿನಿಂದ ತೆಳು ಎಣ್ಣೆ ಸಿಂಪಡಿಸುವುದು ಎಲ್ಲರೂ ಮಾಡುವ ಉಪಾಯ. ಒಂದು ದಿನದ ಮಟ್ಟಿಗೆ ಹಿಡಿಕೆ ತಿರುಗುತ್ತದೆ; ಜೊತೆಗೆ ಉಳಿದಿದ್ದ ಗ್ರೀಸೂ ಕರಗಿ ಹರಿದು ಮುಂದಿನ ತಿಂಗಳು ಮೊದಲಿಗಿಂತ ಬಿಗಿಯಾಗುತ್ತದೆ. ಬಿಚ್ಚುವುದೇ ಸರಿ. ಹಿಡಿಕೆ, ಮುಚ್ಚಳ ತೆಗೆದು, ತಿರುಪನ್ನು ನಟ್ಟಿನಿಂದ ಹೊರಗೆ ತಂದು, ಸೀಮೆಎಣ್ಣೆಯಲ್ಲಿ ಅದ್ದಿ ತಂತಿ ಬ್ರಷ್ಷಿನಿಂದ ಉಜ್ಜಬೇಕು. ವಾಷರುಗಳು ಯಾವ ಕ್ರಮದಲ್ಲಿದ್ದವು ಎಂಬುದನ್ನು ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟರೆ ಸಂಜೆಯ ಹೊತ್ತಿನ ತಲೆಬಿಸಿ ತಪ್ಪುತ್ತದೆ. ಕೊಳವೆಯ ತಳದಲ್ಲಿ ನೀರು ಇಳಿದುಹೋಗಲು ರಂಧ್ರವಿದ್ದರೆ ಕಡ್ಡಿ ಹಾಕಿ ಬಿಡಿಸಿ. ಅದು ಕಟ್ಟಿದರೆ ಜಾಕಿ ನೀರಿನ ಕೊಡವಾಗುತ್ತದೆ. ನಟ್ಟಿನ ಸುರುಳಿ ಸವೆದು ಚೂಪಾಗಿದ್ದರೆ, ಕಂಬಿ ಬಾಗಿದ್ದರೆ ದುರಸ್ತಿ ಬೇಡ, ಹೊಸ ಜಾಕಿ ತನ್ನಿ. ಇಲ್ಲಿ ಜಿಪುಣತನ ಸಲ್ಲದು, ಆ ಸುರುಳಿಯೇ ಹೊರೆಯ ಬ್ರೇಕು.

ಇನ್ನು ಗ್ರೀಸು. ಘರ್ಷಣೆಯೇ ಬ್ರೇಕಾದರೆ ಗ್ರೀಸು ಹಾಕಿದ ತಿರುಪು ಜಾರಿಬಿಡುವುದಿಲ್ಲವೇ ಎಂದು ಕೇಳಬಹುದು. ಐದು ಡಿಗ್ರಿಯ ಇಳಿಜಾರನ್ನು ಆರಿಸುವಾಗ ಎಣ್ಣೆ ಸವರಿದ ಲೋಹವನ್ನೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆದ್ದರಿಂದ ಆ ಭಯ ಬೇಡ. ಭಯ ಪಡಬೇಕಾದದ್ದು ನೀರಿಗೆ ಕರಗುವ ಗ್ರೀಸಿಗೆ. ನಮ್ಮ ಗಾಡಿ ಹೊಡೆಯುವವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡಿಕೊಳ್ಳುತ್ತಿದ್ದರು. ಬರೀ ಎಣ್ಣೆ ಅಚ್ಚಿನಿಂದ ಸೋರಿಹೋಗುತ್ತದೆ, ಕರಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಕಾರ್ಖಾನೆಯ ಗ್ರೀಸಿನಲ್ಲಿ ಆ ಹಿಡಿಯುವ ಕೆಲಸ ಮಾಡುವುದು ಒಂದು ಬಗೆಯ ಸಾಬೂನು. ಸೋಡಿಯಂ ಸಾಬೂನಿನ ಗ್ರೀಸು ನೀರಿಗೆ ಸೋಲುತ್ತದೆ. ಕ್ಯಾಲ್ಸಿಯಂ ಸಾಬೂನಿನದು ಸೋಲುವುದಿಲ್ಲ. ಲಿಥಿಯಂ ಗ್ರೀಸು ಬಂದದ್ದು 1940ರ ದಶಕದಲ್ಲಿ. ಅಂಗಡಿಯಲ್ಲಿ ದೋಣಿಗೆಂದೇ ಮಾರುವ ನೀರು ತಡೆಯುವ ಗ್ರೀಸು ಕೇಳಿದರೆ ಸಾಕು. ಸುರುಳಿಗೆ ತೆಳ್ಳಗೆ, ಬೇರಿಂಗಿಗೂ ಗೇರಿಗೂ ಧಾರಾಳವಾಗಿ ಹಚ್ಚಿ, ಕೊಳವೆಗಳ ನಡುವೆ ಒಂದು ಪದರ ಬಳಿಯಿರಿ. ಹಳೆಯದನ್ನು ಪೂರ್ತಿ ತೊಳೆಯದೆ ಬೇರೆ ಜಾತಿಯ ಗ್ರೀಸು ಬೆರೆಸಬೇಡಿ, ಕೆಲವು ಜೋಡಿಗಳು ಸೇರಿದರೆ ನೀರಾಗಿಬಿಡುತ್ತವೆ.

ಜೋಡಿಸಿದ ಮೇಲೆ ಭಾರವಿಲ್ಲದೆ ತುದಿಯಿಂದ ತುದಿಗೆ ನಾಲ್ಕೈದು ಸಲ ಓಡಿಸಿ. ಮೂಕಿ ಹೊರಿಸುವಾಗ ಜಾಕಿ ನೆಟ್ಟಗೆ ನಿಂತಿರಲಿ, ಅಡಿಯಲ್ಲಿ ಒಂದು ಹಲಗೆಯಿರಲಿ. ಓರೆಯಾದ ಜಾಕಿಯಲ್ಲಿ ಒಳಗೊಳವೆ ಹೊರಗೊಳವೆಯನ್ನು ಒತ್ತಿ, ಎಷ್ಟು ಗ್ರೀಸಿದ್ದರೂ ಬಿಗಿಯುತ್ತದೆ. ದೋಣಿ ಹಿತ್ತಲಲ್ಲಿ ನಿಂತಿರುವ ತಿಂಗಳುಗಳಲ್ಲಿ ದಿಮ್ಮಿಗೆ ಭಾರ ಕೊಟ್ಟು, ತಿರುಪನ್ನು ಒಳಗೆ ಸರಿಸಿಟ್ಟರೆ ಅದರ ಮೇಲೆ ಮಂಜು ಬೀಳುವುದು ತಪ್ಪುತ್ತದೆ. ನಡುನಡುವೆ, ಬಿಸಿಲು ಕಂಡ ದಿನ, ಹಿಡಿಕೆಯನ್ನು ಹತ್ತು ಸುತ್ತು ಆ ಕಡೆ, ಹತ್ತು ಸುತ್ತು ಈ ಕಡೆ ತಿರುಗಿಸಿ ಬನ್ನಿ.